ಕಳಕಮ್ಮನ ಗಿರಣಿಯ ಎರಡು ನಟ್ಟು

ಕಳಕಮ್ಮ ಯಾರನ್ನೂ ಬೇಗ ನಂಬುವವಳಲ್ಲ. ಯಲಬುರ್ಗಾದ ಸಂತೆಯಲ್ಲಿ ಕಾಳು ಖರೀದಿ ಮಾಡುತ್ತಿದ್ದ ಅವಳ ಅಪ್ಪ ಚೀಲದ ಬಾಯಿಯ ಹತ್ತಿರದ ಕಾಳನ್ನು ಎಂದೂ ನೋಡಿದವನಲ್ಲ. ಅಂಗಿಯ ತೋಳು ಏರಿಸಿ, ಮೊಣಕೈವರೆಗೆ ಕೈ ಇಳಿಸಿ, ತಳದ ಕಾಳನ್ನು ಮುಷ್ಟಿಯಲ್ಲಿ ಹಿಡಿದು ತೆಗೆಯುತ್ತಿದ್ದ. ಪಕ್ಕದಲ್ಲಿ ನಿಂತ ಮಗಳು ಅದನ್ನೇ ಕಲಿತಳು. ಮದುವೆಯಾಗಿ ಕುಷ್ಟಗಿ ರಸ್ತೆಯ ಈ ಊರಿಗೆ ಬಂದ ಮೇಲೂ ಗುಣ ಬಿಡಲಿಲ್ಲ. ಸೀರೆ ಮಾರುವವನು ಬಂದರೆ ಮಡಿಕೆ ಬಿಚ್ಚಿಸಿ ಒಳಸುತ್ತು ನೋಡುವಳು. ಹಾಲಿನವಳು ಬಂದರೆ ಬೆರಳು ಅದ್ದಿ ನೋಡುವಳು.

"ನನ್ನ ಸೊಸಿ ದೇವರ ಪ್ರಸಾದಾನೂ ಮೂಸಿ ನೋಡೇ ಬಾಯಿಗೆ ಹಾಕ್ಕೊಂತಾಳ" ಎಂದು ಅತ್ತೆ ವಿರೂಪಾಕ್ಷಮ್ಮ ನಾಲ್ಕು ಮಂದಿಯ ಮುಂದೆ ಆಡಿಕೊಳ್ಳುತ್ತಿದ್ದಳು.

ಗಂಡ ಅಂದಾನಪ್ಪನಿಗೆ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಕೆಲಸ. ಹದಿನೈದು ದಿನಕ್ಕೊಮ್ಮೆ ಬಸ್ಸು ಹಿಡಿದು ಬಂದು ಹೋಗುವನು. ಮಾವ ತೀರಿಕೊಂಡ ಮೇಲೆ ಮನೆಯ ಮಗ್ಗುಲಿಗಿದ್ದ ಹಿಟ್ಟಿನ ಗಿರಣಿಗೆ ದಿಕ್ಕಿಲ್ಲದಂತಾದಾಗ ಕಳಕಮ್ಮ ತಾನೇ ಹೋಗಿ ನಿಂತಳು. ಅದು ಎಪ್ಪತ್ತೊಂಬತ್ತನೇ ಇಸವಿ. ಊರಿಗೆ ಕರೆಂಟು ಬಂದಿತ್ತು, ಬಂದಷ್ಟೇ ಬೇಗ ಹೋಗುತ್ತಲೂ ಇತ್ತು. ಬೀಸುವ ಕಲ್ಲು ತಿರುಗಬೇಕಾದರೆ ಮಾವ ಕೂರಿಸಿದ ಡೀಸೆಲ್ ಇಂಜಿನ್ನೇ ಗತಿ. ಹ್ಯಾಂಡಲ್ ಹೊಡೆಯಲು, ಬೆಲ್ಟು ಏರಿಸಲು ಮಾವನ ಕಾಲದ ಆಳು ಪಕ್ಕೀರಪ್ಪ ಇದ್ದ. ಕಾಳು ಸುರಿಯುವುದು, ಹಿಟ್ಟು ಹಿಡಿಯುವುದು, ಹೆಂಗಸರ ಮಾತಿಗೆ ಮಾತು ಕೊಡುವುದು ಕಳಕಮ್ಮನದು. ಮೂಲೆಯ ತೊಲೆಗೆ ಹಳೆಯ ಇಳಕಲ್ ಸೀರೆಯ ಜೋಳಿಗೆ ಕಟ್ಟಿ ಎಂಟು ತಿಂಗಳ ಹಂಪಮ್ಮನನ್ನು ಮಲಗಿಸುತ್ತಿದ್ದಳು. ಕೂಸು ಎದೆಹಾಲು ಬಿಟ್ಟರೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ, ಹಾಗಾಗಿ ತಾಯಿ ಇದ್ದಲ್ಲೇ ಅದೂ ಇರಬೇಕು. ಕಲ್ಲಿನ ಗರಗರ ನಿಂತರೇ ಎಚ್ಚರಾಗಿ ಅಳುವಷ್ಟು ಅದಕ್ಕೆ ಗಿರಣಿಯ ಸದ್ದು ರೂಢಿಯಾಗಿತ್ತು.

ಸುಗ್ಗಿ ಮುಗಿದು ಹೊಸ ಜೋಳ ಬರತೊಡಗಿದ ಹೊತ್ತಿಗೆ ಇಂಜಿನ್ನು ಒಳಗೇ ಹೊಗೆ ಬಿಡಲು ಸುರುಮಾಡಿತು. ಸೈಲೆನ್ಸರಿನ ಕೊಳವೆ ಗೋಡೆ ದಾಟಿ ಹೊರಗೆ ಹೋಗಿತ್ತು. ಆದರೆ ಅದರ ಬುಡ ಇಂಜಿನ್ನಿಗೆ ಕೂಡುವ ಕಡೆ, ಎರಡು ನಟ್ಟುಗಳು ಹಿಡಿದಿದ್ದ ಜಾಗದಲ್ಲಿ, ಪುಸಪುಸನೆ ಕಪ್ಪು ಹೊಗೆ ನುಗ್ಗುತ್ತಿತ್ತು. ಒಂದು ಸಂಜೆ ಕಳಕಮ್ಮ ಸೆರಗಿನ ತುದಿಯಿಂದ ಮಗಳ ಮೂಗು ಒರೆಸಿದಳು. ಸೆರಗಿಗೆ ಕಾಡಿಗೆ ಹತ್ತಿದ ಹಾಗೆ ಎರಡು ಕಪ್ಪು ಚುಕ್ಕೆ ಬಿದ್ದವು. ಅಂದೇ ಕೂಸಿಗೆ ಕೆಮ್ಮು. ಕುಷ್ಟಗಿಯ ಡಾಕ್ಟರು ಔಷಧ ಬರೆದುಕೊಟ್ಟು, "ಹೊಗಿಯೊಳಗ ಕೂಸಿನ ಮಲಗಿಸಿ ನನ್ನ ಕಡೆ ಯಾಕ ತರ್ತೀರಿ?" ಎಂದು ಬೈದರು.

ಆ ವಾರ ಊರಿಗೆ ಬಂದ ಅಂದಾನಪ್ಪ ಮಗಳ ಕೆಮ್ಮು ಕೇಳಿ ತಾನೂ ಒಂದು ಮಾತು ಹೇಳಿ ಹೋದ. "ಬರೋ ವಾರದ ಸ್ವಾಮಾರತನಕ ನೋಡೋಣು. ಹೊಗಿ ನಿಂತರ ಛಲೋ. ಅವತ್ತ ಉಮಾಪತಿ ಅಣ್ಣ ಬಂದು ನೋಡ್ತಾನ. ಇಲ್ಲಂದ್ರ ಗಿರಣಿ ಅವಗ ಬಿಟ್ಟುಬಿಡೂಣು. ನೀನು ಕೂಸು ಮನ್ಯಾಗ ಇರ್ರಿ."

ಉಮಾಪತಿ ಅವನ ಅಣ್ಣ. ಕುಷ್ಟಗಿಯಲ್ಲಿ ಅಂಗಡಿ ಇಟ್ಟವನು. ಗಿರಣಿಯ ಮೇಲೆ ಅವನಿಗೆ ಮೊದಲಿನಿಂದ ಕಣ್ಣಿತ್ತು. ಗಂಡ ಬಸ್ಸು ಹತ್ತಿದ ಮೇಲೆ ಕಳಕಮ್ಮ ಕುಷ್ಟಗಿಯ ಮೇಸ್ತ್ರಿಗೆ ಹೇಳಿಕಳಿಸಿದಳು. ಗಿರಣಿಗೆ ಬಂದ ಮೇಲೆಯೇ ಊರ ಮಂದಿ ಅವಳನ್ನು ಅಂದಾನಪ್ಪನ ಹೆಂಡತಿ ಅನ್ನುವುದು ಬಿಟ್ಟು ಕಳಕಮ್ಮ ಎಂದು ಕರೆಯಲು ಕಲಿತಿದ್ದರು. ಅದನ್ನು ಕೈಬಿಡಲು ಅವಳಿಗೆ ಮನಸ್ಸಿಲ್ಲ. ಹಾಗೆಂದು ಮಗಳ ಮೂಗಿಗೆ ಕಾಡಿಗೆ ತುಂಬಿಸಿ ಗಿರಣಿ ಉಳಿಸಿಕೊಳ್ಳುವವಳೂ ಅಲ್ಲ.

ಗಡುವಿಗೆ ಒಂದು ವಾರ ಮೊದಲು, ಸೋಮವಾರ, ಕುಷ್ಟಗಿಯಿಂದ ಮೇಸ್ತ್ರಿ ನೂರಸಾಬ ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ಬಂದ. ಪಾನಾ ತೆಗೆದು ಎರಡೂ ನಟ್ಟು ಬಿಚ್ಚಿದ. ಕೊಳವೆಯ ಬುಡವನ್ನು ಜಗ್ಗಿ, ಒಳಗಿನಿಂದ ಬಳೆಯಂಥ ತಾಮ್ರದ ಪ್ಯಾಕಿಂಗ್ ತೆಗೆದ. ಅದು ಒಂದು ಕಡೆ ಸವೆದು ಹಾಳೆಯಾಗಿತ್ತು. ಚೀಲದಿಂದ ಇನ್ನೊಂದು ಬಳೆ ತೆಗೆದು ಕಳಕಮ್ಮನ ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ, ನೀರಿನ ಬಕೀಟಿಗೆ ಚುಸ್ಸನೆ ಹಾಕಿದ.

"ಹೊಸಾದು ಅಂದಿ, ಮತ್ತ ಯಾಕ ಸುಟ್ಟಿ?" ಕಳಕಮ್ಮ ಕೇಳಿದಳು.

"ತಾಮ್ರ ಮೆತ್ತಗಾಗಬೇಕು ತಂಗೆವ್ವಾ. ಬಿರುಸು ಇದ್ದರ ಸಂದಿನಾಗ ಕೂಡಂಗಿಲ್ಲ."

ಹಳೆಯದನ್ನೇ ತೊಳೆದು ಹೊಸದು ಎನ್ನುತ್ತಿದ್ದಾನೋ ಏನೋ ಎಂದು ಅವಳು ಬಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನೂರಸಾಬ ನಕ್ಕ. ಕಬ್ಬಿಣದ ಮುಖಗಳನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ ಬೆಳ್ಳಗೆ ಮಾಡಿದ. ಬಳೆ ಕೂರಿಸಿ, ಎರಡೂ ನಟ್ಟುಗಳನ್ನು ಬರಿಗೈಯಿಂದ ಕೊನೆವರೆಗೆ ತಿರುಗಿಸಿದ. ಆಮೇಲೆ ಗಿಡ್ಡ ಪಾನಾದಿಂದ ಇದನ್ನಿಷ್ಟು, ಅದನ್ನಿಷ್ಟು, ಮತ್ತೆ ಇದನ್ನಿಷ್ಟು.

"ಕೈಯಾಗ ಶಕ್ತಿ ಇಲ್ಲೇನ ನೂರಣ್ಣ? ಒಮ್ಮೆಲೆ ಬಿಗಿ ಮಾಡಬಾರದ?"

"ಒಂದ ಕಡೆ ಜೋರು ಮಾಡಿದ್ರ ಇನ್ನೊಂದ ಕಡೆ ಬಾಯಿ ತೆರೀತೈತಿ. ನೀವು ರೊಟ್ಟಿ ಒಂದ ಮಗ್ಗಲ ಬಡೀತೀರೇನು? ಸುತ್ತ ಸಮ ಬಡೀತೀರಿ. ಇದೂ ಹಂಗ."

ಅರ್ಧ ತಾಸು ಇಂಜಿನ್ ಓಡಿಸಿ ನಿಲ್ಲಿಸಿದ. ಹೊಗೆ ಬಹಳ ಮಟ್ಟಿಗೆ ನಿಂತಿತ್ತು, ಪೂರ್ತಿ ಅಲ್ಲ. "ಕಾಯ್ದಾಗ ತಾಮ್ರ ಇನ್ನಷ್ಟ ಕುಂದ್ರತೈತಿ. ಪೂರಾ ಆರಿದ ಮ್ಯಾಲೆ ಎರಡಕ್ಕೂ ಇನ್ನ ಕಾಲು ಸುತ್ತು ಕೊಡಬೇಕು. ಬಿಸಿ ಇದ್ದಾಗ ಮುಟ್ಟಬಾರದು, ಬೋಲ್ಟ್ ಮುರೀತಾವ. ನಾಳಿ ಮುಂಜಾನಿ ಬರ್ತೀನಿ" ಎಂದು ಸೈಕಲ್ ಹತ್ತಿದ.

ಅರ್ಧ ಕೆಲಸ ಇವತ್ತು, ಅರ್ಧ ನಾಳೆ. ಕಳಕಮ್ಮನಿಗೆ ಇದು ಸರಿಬರಲಿಲ್ಲ. ಉಮಾಪತಿಯ ಹೊಲದ ಪಂಪು ರಿಪೇರಿ ಮಾಡುವವನೂ ಇದೇ ನೂರಸಾಬ ಎಂಬುದು ಅವಳಿಗೆ ಆಗ ನೆನಪಾಯಿತು.

ಮಂಗಳವಾರ ನೂರಸಾಬ ಬರಲಿಲ್ಲ. ಜೋಳ ತಂದಿದ್ದ ಖಾಜಾಬೀ ಸುದ್ದಿ ಹೇಳಿದಳು: "ಅಂವ ಗಂಗಾವತಿಗೆ ಹೋಗ್ಯಾನ. ಮಗಳು ತಾಜಬೀದು ಹೆರಿಗಿ ಐತಂತ."

"ಸರಿಯಾಗಿ ಇವತ್ತ ಬಂತೇನ ಹೆರಿಗಿ?"

"ಹೆರಿಗಿ ನಿನ್ನ ಕೇಳಿ ಬರಬೇಕೇನ ಕಳಕವ್ವಕ್ಕಾ?" ಎಂದು ಖಾಜಾಬೀ ಬುಟ್ಟಿ ತಲೆಗೇರಿಸಿದಳು. ಸಾಲಿನ ಹೆಂಗಸರು ನಕ್ಕರು. ಕಳಕಮ್ಮ ನಗಲಿಲ್ಲ.

ಬುಧವಾರದಿಂದ ಒಂದು ವಿಚಿತ್ರ ಸುರುವಾಯಿತು. ಮುಂಜಾನೆ ಇಂಜಿನ್ ಎಬ್ಬಿಸಿದಾಗ ಒಂದು ಎಳೆ ಹೊಗೆ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಣ್ಣಗೆ ಬರುವುದು. ಸಂಜೆಗೆ ಮೊದಲಿಗಿಂತ ಹೆಚ್ಚು. ಸಂಜೆ ಮುಟ್ಟಿ ನೋಡಿದರೆ ನಟ್ಟುಗಳು ಸಡಿಲ. ಪಕ್ಕೀರಪ್ಪ ಪಾನಾಕ್ಕೆ ಮೊಳದುದ್ದದ ಪೈಪು ಸಿಗಿಸಿ, ಒಂದು ಕಾಲು ಇಂಜಿನ್ನಿಗೆ ಒದ್ದು ನಿಂತು, ಉಸಿರು ಬಿಗಿಹಿಡಿದು ಬಿಗಿಮಾಡುವನು. ಮರುದಿನ ಸಂಜೆ ಮತ್ತೆ ಸಡಿಲ.

ಬಿಗಿ ಮಾಡಿದ ಕಬ್ಬಿಣ ತಾನಾಗಿ ಸಡಿಲಾಗುವುದುಂಟೆ? ಯಾರದೋ ಕೈ ಬೀಳುತ್ತಿದೆ ಎಂದು ಕಳಕಮ್ಮ ನಿಶ್ಚಯ ಮಾಡಿದಳು. ಯಾರದು ಎಂಬುದಷ್ಟೇ ತಿಳಿಯಬೇಕು. ತಾನು ಮಧ್ಯಾಹ್ನ ಕೂಸಿಗೆ ನೀರು ಹಾಕಲು ಮನೆಗೆ ಹೋದಾಗ ಗಿರಣಿಯಲ್ಲಿ ಪಕ್ಕೀರಪ್ಪ ಒಬ್ಬನೇ ಇರುತ್ತಾನೆ. ಹೋದ ಅಮಾಸೆಗೆ ಅವನು ಉಮಾಪತಿಯ ಅಂಗಡಿ ಕಟ್ಟೆಯ ಮೇಲೆ ಕೂತು ಚಹಾ ಕುಡಿದದ್ದನ್ನು ಕಂಡವರಿದ್ದಾರೆ. ಅವಳು ಕೇಳಿದಾಗಲೆಲ್ಲ ಅವನು ಮುಖ ಆ ಕಡೆ ತಿರುಗಿಸಿ ಬೆಲ್ಟಿಗೆ ಮೇಣ ತಿಕ್ಕತೊಡಗುತ್ತಾನೆ. ಅತ್ತೆಯೂ ಈಚೆಗೆ ನಸುಕಿನಲ್ಲಿ ಗಿರಣಿಯ ಕಡೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಾಳೆ. ಕೇಳಿದರೆ "ಇಂಜಿನ್ನಿಗೆ ಕುಂಕುಮ ಹಚ್ಚಿ ಬಂದೆ" ಎನ್ನುತ್ತಾಳೆ. ದೊಡ್ಡ ಮಗನಿಗೆ ಗಿರಣಿ ಹೋಗಲಿ ಎಂದು ಅವಳಿಗೂ ಇರಬಹುದು. ಕೂಸನ್ನು ಎದೆಗೆ ಹಾಕಿಕೊಂಡು ಕೂತಾಗ ಕಳಕಮ್ಮ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ತಂದು ನಿಲ್ಲಿಸಿ, ಅವರ ಮೇಲಿನ ಕಾಳು ಬಿಟ್ಟು ತಳದ ಕಾಳು ತಡಕುತ್ತಿದ್ದಳು. ಅವಳ ಬಿಗಿದ ಮೈ ತಿಳಿದೋ ಏನೋ, ಹಂಪಮ್ಮ ಅರ್ಧಕ್ಕೇ ಬಾಯಿ ಬಿಟ್ಟು ಮುಖ ನೋಡುವಳು.

ಭಾನುವಾರ ಮುಂಜಾನೆ, ಇಂಜಿನ್ ಎಬ್ಬಿಸುವ ಮೊದಲು, ನಟ್ಟುಗಳು ಬಿಗಿಯಾಗಿವೆ ಎಂದು ಮುಟ್ಟಿ ನೋಡಿ, ಕಳಕಮ್ಮ ಅತ್ತೆಯ ಎಲೆಅಡಿಕೆ ಚಂಚಿಯಿಂದ ಚಿಟಿಕೆ ಸುಣ್ಣ ತಂದಳು. ಒಂದೊಂದು ನಟ್ಟಿನ ತಲೆಯಿಂದ ಕೆಳಗಿನ ಕಬ್ಬಿಣದವರೆಗೆ ಕಡ್ಡಿಯಿಂದ ಒಂದು ಸಣ್ಣ ಗೆರೆ ಎಳೆದಳು. ಯಾರಾದರೂ ನಟ್ಟು ಒಂದು ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ಎರಡಾಗಲೇಬೇಕು. ಅಂದು ಅವಳಿಗೆ ಬೆಳಗಿನ ರೊಟ್ಟಿ ಸಮಾಧಾನದಿಂದ ಸೇರಿತು. ಕಳ್ಳನ ಕಾಲಿಗೆ ಗೆಜ್ಜೆ ಕಟ್ಟಿ ಬಂದಷ್ಟು ಖುಷಿ.

ಆ ದಿನ ಮಧ್ಯಾಹ್ನದವರೆಗೆ ಗಿರಣಿ ನಡೆಯಿತು. ಹೊಗೆ ಬಂತು. ಸಂಜೆ ಕಬ್ಬಿಣ ಆರಿದ ಮೇಲೆ ಅವಳು ಬಗ್ಗಿ ನೋಡಿದಳು. ಎರಡೂ ಗೆರೆಗಳು ಎಳೆದಂತೆಯೇ ಇದ್ದವು, ಎಲ್ಲೂ ಕಡಿದಿರಲಿಲ್ಲ. ಬೆರಳಿಂದ ಮುಟ್ಟಿದಳು. ನಟ್ಟು ಸಡಿಲ ಬಳೆಯ ಹಾಗೆ ತಿರುಗಿತು.

ಕಳಕಮ್ಮ ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಯಾರ ಕೈಯೂ ಬಿದ್ದಿಲ್ಲ, ನಟ್ಟು ಮಾತ್ರ ಸಡಿಲ. ನಟ್ಟು ತಿರುಗಿಲ್ಲ ಎಂದರೆ, ಅದು ಅದುಮಿ ಹಿಡಿದದ್ದೇ ಒಳಗೆ ಸಣ್ಣದಾಗಿರಬೇಕು. ಮೇಲಿನದನ್ನೇ ಕಾಯುತ್ತ ಕೂತು ತಳ ನೋಡುವುದನ್ನು ಮರೆತಿದ್ದೇನೆ ಎನಿಸಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಸೋಮವಾರ ನಸುಕಿನಲ್ಲೇ, ಪಕ್ಕೀರಪ್ಪ ಬಂದೊಡನೆ, ತಾನೇ ಪಾನಾ ಹಿಡಿದು ಎರಡೂ ನಟ್ಟು ಬಿಚ್ಚಿ ಕೊಳವೆಯ ಬುಡ ಜಗ್ಗಿದಳು. ಒಳಗೆ ತಾಮ್ರದ ಬಳೆ ಇರಲಿಲ್ಲ. ಅದರ ಜಾಗದಲ್ಲಿ ಕರ್ರಗೆ ಸುಟ್ಟ ಹಕ್ಕಳೆ. ಬೆರಳು ಮುಟ್ಟಿದರೆ ಪುಡಿಪುಡಿ. ನಟ್ಟಿನ ಕೆಳಗೂ ಅದೇ. ಮೂಗಿನ ಹತ್ತಿರ ತಂದಳು. ಸೀದ ಜೋಳದ ರೊಟ್ಟಿಯ ವಾಸನೆ.

"ಪಕ್ಕೀರಪ್ಪ, ಇದೇನು?"

ಪಕ್ಕೀರಪ್ಪ ತೊಲೆ ನೋಡಿದ. "ನನ್ನ ಕೇಳಬ್ಯಾಡ್ರಿ ಅಕ್ಕಾರ. ನಾನು ಈ ಮನಿ ಉಪ್ಪು ಉಂಡಾಂವ."

"ನಾ ಬಡಿಸಿದ ಉಪ್ಪು ಸಪ್ಪಗಿತ್ತೇನು?"

ಅವನು ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಅಷ್ಟು ಸಾಕಾಯಿತು. ಕಳಕಮ್ಮ ಆ ಕರಿ ಹಕ್ಕಳೆಯನ್ನು ಕಾಗದದ ಮೇಲೆ ಹಿಡಿದು ಒಳಗೆ ಹೋಗಿ ಅತ್ತೆಯ ಮುಂದಿಟ್ಟಳು. ವಿರೂಪಾಕ್ಷಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೌದು, ನಾನ ಹಾಕಿಸೀನಿ. ಬೂದಿ ಕೂಡಿಸಿದ ಜ್ವಾಳದ ಕಣಕ. ನಿಮ್ಮ ಮಾವ ಹಂಗ ಮಾಡ್ತಿದ್ದರು."

"ದಿನಾ ಮಾಡ್ತಿದ್ದರೇನು?"

ವಿರೂಪಾಕ್ಷಮ್ಮ ನೆನಪು ಮಾಡಿಕೊಂಡಳು. ಒಂದು ಸಲ ಪ್ಯಾಕಿಂಗ್ ಹರಿದಾಗ, ಗಂಗಾವತಿಯಿಂದ ಹೊಸದು ಬರುವ ತನಕ, ಒಂದು ದಿನದ ಮಟ್ಟಿಗೆ ಮಾಡಿದ್ದರು. ಅವಳಿಗೆ ಕಣಕ ನೆನಪಿತ್ತು. ಒಂದು ದಿನ ಎಂಬುದು ಮರೆತಿತ್ತು. "ಮಂಗಳವಾರ ಆ ಸಾಬ ಬರಲಿಲ್ಲ. ಕೂಸು ಕೆಮ್ಮಾಕ ಹತ್ತಿತು. ನಾ ನೋಡ್ಕೋತ ಕುಂದ್ರಲೇನು? ತಾಮ್ರದ ಬಳಿ ತಗಸಿ, ದಿನಾ ನಸುಕಿನಾಗ ಪಕ್ಕೀರಪ್ಪನ ಕರದು ಕಣಕ ಹಚ್ಚಿಸಿದೆ. ಮುಂಜಾನಿ ಹೊಗಿ ನಿಂತಿತ್ತೋ ಇಲ್ಲೋ?"

"ನಿಂತಿತ್ತು. ಸಂಜಿಗೆ ಸುಟ್ಟು ಬೂದಿ ಆಗ್ತಿತ್ತು. ನನಗೊಂದ ಮಾತು ಹೇಳಬೇಕಿತ್ತಲ್ಲ ಅತ್ತಿ."

"ಹೇಳಿದ್ರ ನೀ ಅದನ್ನೂ ಮೂಸಿ ನೋಡಿ ತಗದ ಒಗೀತಿದ್ದಿ."

ಅದು ಸುಳ್ಳಲ್ಲ. ಈ ಮುದುಕಿ ದೊಡ್ಡ ಮಗನ ಪಕ್ಷ ಎಂದು ವಾರವಿಡೀ ಶಂಕಿಸಿದ್ದು ನೆನಪಾಗಿ ಕಳಕಮ್ಮ ಕಾಗದವನ್ನು ಮರಳಿ ಕೈಗೆತ್ತಿಕೊಂಡಳು. "ಆ ತಾಮ್ರದ ಬಳಿ ಎಲ್ಲೈತಿ?" ಎಂದಷ್ಟೇ ಕೇಳಿದಳು.

ಅದು ದೇವರ ಜಗಲಿಯ ಮೇಲೆ ಇತ್ತು. ಥಳಥಳ ಹೊಳೆಯುವ ವಸ್ತುವನ್ನು ಎಸೆಯಲು ಮನಸ್ಸಾಗದೆ ವಿರೂಪಾಕ್ಷಮ್ಮ ಅದನ್ನು ದೀಪದ ಬುಡಕ್ಕೆ ಆಸರೆ ಕೊಟ್ಟಿದ್ದಳು. ನಡುವೆ ಕೂತ ದೀಪ ಒಂದಿಷ್ಟೂ ಅಲುಗುತ್ತಿರಲಿಲ್ಲ. "ದೇವರ ಮುಂದಿಂದು" ಎಂದು ಗೊಣಗುತ್ತ ಕೊಟ್ಟಳು.

ಅಂದು ಸೋಮವಾರ, ಉಮಾಪತಿ ಬರುವ ದಿನ. ನೂರಸಾಬ ಇನ್ನೂ ಗಂಗಾವತಿಯಲ್ಲಿ. ಕಳಕಮ್ಮ ಬಳೆಯನ್ನು ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದಳು. ಸುಟ್ಟ ಹಿಟ್ಟನ್ನು ಕಬ್ಬಿಣದ ಮುಖಗಳಿಂದ, ನಟ್ಟಿನ ಒಳಗಿನಿಂದ ಕೆರೆದು, ಪಾತ್ರೆ ತಿಕ್ಕುವ ನಾರು, ಒಣ ಬೂದಿ ಹಿಡಿದು ತಿಕ್ಕಿದಳು. ಬಳೆ ಕೂರಿಸಿದಳು. ಬರಿಗೈಯಿಂದ ಎರಡೂ ನಟ್ಟು. ಆಮೇಲೆ ಗಿಡ್ಡ ಪಾನಾ: ಇದನ್ನಿಷ್ಟು, ಅದನ್ನಿಷ್ಟು. ಪಕ್ಕೀರಪ್ಪ ಹ್ಯಾಂಡಲ್ ಹೊಡೆದ. ಅರ್ಧ ತಾಸು ಓಡಿತು. ಬುಡದಲ್ಲಿ ಒಂದೇ ಒಂದು ಎಳೆ ಹೊಗೆ ಉಳಿದಿತ್ತು. ಅವಳು ಇಂಜಿನ್ ನಿಲ್ಲಿಸಿಬಿಟ್ಟಳು.

ಬುಟ್ಟಿ ಹೊತ್ತು ಬಂದ ಹೆಂಗಸರು ಅಂಗಳ ತುಂಬಿದರು. "ಏನ ಕಳಕವ್ವಕ್ಕಾ, ಇವತ್ತ ಗಿರಣಿಗೂ ಉಪವಾಸೇನು?" ಎಂದಳು ಖಾಜಾಬೀ.

"ಅದು ಆರಬೇಕು. ಕುಂದ್ರು."

ಪಕ್ಕೀರಪ್ಪ ಪಾನಾಕ್ಕೆ ಉದ್ದನೆ ಪೈಪು ಸಿಗಿಸಿಕೊಂಡು ಬಂದ. "ಈಗ ಒಂದ ಏಟಿಗೆ ಜಡದ ಬಿಡ್ತೀನ್ರಿ ಅಕ್ಕಾರ. ಭಾವಾರು ಬರೋ ಹೊತ್ತಾತು."

"ಆ ಪೈಪು ಅತ್ತ ಒಗಿ. ಬಿಸಿ ಇದ್ದಾಗ ಮುಟ್ಟಿದ್ರ ಬೋಲ್ಟ್ ಮುರೀತೈತಿ."

ಹೀಗೆ ಹೇಳುವಾಗಲೂ ಅವಳಿಗೆ ಒಳಗೇ ಅಳುಕು. ನೂರಸಾಬ ಹೇಳಿದ್ದು ಖರೆಯೋ, ಎರಡನೇ ಸಲ ಬರುವ ನೆಪವೋ? ಅವನ ಮಾತು ನಂಬಿ ಇಂಥ ದಿನವೇ ಗಿರಣಿ ನಿಲ್ಲಿಸಿ ಕೂತಿದ್ದೇನೆ. ಆದರೂ ಮುಟ್ಟಲಿಲ್ಲ. ಕೂಸನ್ನು ಎತ್ತಿಕೊಂಡು ಬಾಗಿಲ ಮಗ್ಗುಲಿಗೆ ಕೂತು ಹಾಲು ಕೊಟ್ಟಳು. ಅದು ಒಂದು ಕಡೆ ಕುಡಿದು, ಇನ್ನೊಂದು ಕಡೆ ಕುಡಿದು, ತೇಗಿ ನಿದ್ದೆ ಹೋಯಿತು. ಕಬ್ಬಿಣ ಇನ್ನೂ ಬೆಚ್ಚಗಿತ್ತು.

ಅಷ್ಟರಲ್ಲಿ ಉಮಾಪತಿ ಬಂದ. ಅಂಗಳದ ಮಂದಿ ನೋಡಿದ, ನಿಂತ ಬೆಲ್ಟು ನೋಡಿದ. ಕೈಚೀಲದಿಂದ ಹೊಸ ಬೀಗ ತೆಗೆದು ಕಟ್ಟೆಯ ಮೇಲಿಟ್ಟ.

"ನಿಂತ ಎಷ್ಟೊತ್ತಾತು?"

"ನಾನ ನಿಲ್ಲಿಸೀನ್ರಿ ಭಾವಾರ. ಆರಾಕ ಬಿಟ್ಟೀನಿ."

"ಇಂಜಿನ್ ಏನು ಅನ್ನದ ಗಡಿಗೇನವ್ವ, ಆರಾಕ ಬಿಡಾಕ?" ಅವನು ಹೆಂಗಸರ ಕಡೆ ನೋಡಿ ನಕ್ಕ. "ಕೆಟ್ಟೈತಿ ಅಂತ ಹೇಳು, ಅದರಾಗ ನಾಚಿಕಿ ಏನು?"

ಕಳಕಮ್ಮ ನಿದ್ದೆ ಹೋದ ಕೂಸನ್ನು ಜೋಳಿಗೆಗೆ ಹಾಕಿದಳು. ಇನ್ನೊಂದಷ್ಟು ಹೊತ್ತು ಬಿಟ್ಟು, ಅಂಗೈಯನ್ನು ಕೊಳವೆಯ ಬುಡಕ್ಕೆ ಒತ್ತಿದಳು. ತಣ್ಣಗಿತ್ತು. ಗಿಡ್ಡ ಪಾನಾ ಹಿಡಿದು ಎರಡೂ ನಟ್ಟಿಗೆ ಕಾಲು ಸುತ್ತು. ಅಷ್ಟೇ. ಕಿರ್ರೆನ್ನದೆ, ಬೆಣ್ಣೆಯಲ್ಲಿ ಕೂತ ಹಾಗೆ ಕೂತವು.

ಪಕ್ಕೀರಪ್ಪ ಹ್ಯಾಂಡಲ್ ಹೊಡೆದ. ಹೊರಗಿನ ಕೊಳವೆಯ ತುದಿಗೆ ಕಟ್ಟಿದ್ದ ತಗಡಿನ ಡಬ್ಬಿ ಕುಕ್ ಕುಕ್ ಎಂದು ಓಣಿಗೆಲ್ಲ ಕೇಳುವಂತೆ ಕೂಗಿತು. ಕಳಕಮ್ಮ ಕೂಸಿನ ಒಗೆದ ಬಿಳಿ ಬಟ್ಟೆಯನ್ನು ತಂದು ಬುಡದ ಸುತ್ತ ಹಿಡಿದು ಉಮಾಪತಿಗೆ ತೋರಿಸಿದಳು. ಒಂದು ಚುಕ್ಕೆ ಇರಲಿಲ್ಲ. ಅವನಿಗೆ ನಂಬಿಕೆ ಹುಟ್ಟಲಿಲ್ಲ. ಹೆಗಲ ಮೇಲಿನ ತನ್ನ ಟವೆಲ್ಲನ್ನೇ ತೆಗೆದು ಹಿಡಿದ. ಖಾಜಾಬೀಯ ಜೋಳ ಬೀಸಿ ಮುಗಿಯುವವರೆಗೆ ಹಿಡಿದ. ಇನ್ನೊಬ್ಬಳದು ಮುಗಿಯುವವರೆಗೆ ಹಿಡಿದ. ಕಡೆಗೆ ಟವೆಲ್ಲನ್ನು ಬಾಗಿಲ ಬೆಳಕಿಗೆ ಒಯ್ದು ಆ ಕಡೆ ಈ ಕಡೆ ಹೊರಳಿಸಿ ನೋಡಿದ. ಹಿಟ್ಟಿನ ಧೂಳು ಬಿಟ್ಟರೆ ಏನೂ ಇಲ್ಲ.

ಕಾಗದದ ಮೇಲಿನ ಕರಿ ಹಕ್ಕಳೆ ಆಗ ಅವನ ಕಣ್ಣಿಗೆ ಬಿತ್ತು. "ಇದೇನಿದು? ಇಂಜಿನ್ನಾಗ ಹಿಟ್ಟು ತುಂಬಿದ್ದರೇನು? ಇದು ಯಾರ ಕೆಲಸ?" ಎಂದು ಕಳಕಮ್ಮನನ್ನೇ ನೋಡಿದ. ಪಕ್ಕೀರಪ್ಪ ಮತ್ತೆ ತೊಲೆ ನೋಡತೊಡಗಿದ. ಕಳಕಮ್ಮ, "ಅದು ನಾನ..." ಎಂದು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನಿಂದ ವಿರೂಪಾಕ್ಷಮ್ಮ ಬಂದಳು.

"ನಂದು" ಎಂದಳು. "ಆರು ಮಕ್ಕಳನ್ನ ಬೆಳಸೀನಿ, ಇಂಜಿನ್ ಬೆಳಸಾಕ ಬರಲಿಲ್ಲ. ಅಕಿಗೆ ಬರತೈತಿ. ಗಿರಣಿ ಅಕಿ ನಡಸ್ತಾಳ. ನೀ ಉಂಡು ಹೋಗು."

ಉಮಾಪತಿ ಉಣ್ಣಲಿಲ್ಲ; ಬಸ್ಸಿನ ಹೊತ್ತಾಯಿತು ಎಂದ. ಬೀಗವನ್ನು ಕೈಚೀಲಕ್ಕೆ ಹಾಕಿಕೊಳ್ಳಲು ಹೋದಾಗ ತಾಯಿ ಅವನ ಕೈ ಹಿಡಿದಳು.

"ಅದನ್ನ ಇಲ್ಲೇ ಬಿಡು. ಜ್ವಾಳದ ಕೋಣಿಗೆ ಬೀಗ ಇಲ್ಲ."

ಉಮಾಪತಿ ಒಂದು ಗಳಿಗೆ ತಾಯಿಯ ಮುಖ ನೋಡಿದ. ಬೀಗ ಕೊಟ್ಟ. ವಿರೂಪಾಕ್ಷಮ್ಮ ಕೀಲಿಕೈಗಾಗಿ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಳು; ಅವನು ಜೇಬು ತಡಕಿ ಅದನ್ನೂ ಕೊಟ್ಟ. ಒಳಗೆ ಕಳಕಮ್ಮ ಮುಂದಿನವಳ ಬುಟ್ಟಿಯ ಜೋಳವನ್ನು ಮೊಣಕೈವರೆಗೆ ತಡಕಿ ನೋಡಿ, ಕಲ್ಲಿಗೆ ಸುರಿದಳು.